ಜಿಪ್ಸಿಗೆ 31 ಇಂಚಿನ ಟೈರ್ ಹಾಕಿದರೆ ಆಕ್ಸಲ್ ತಡೆಯುತ್ತದೆಯೇ?

ಶಹಾಪುರದ ಕಡೆ ಹೊಲ ಇದೆ, ಮಾರುತಿ ಜಿಪ್ಸಿ ಕಿಂಗ್‌ಗೆ 31 ಇಂಚಿನ ಮಡ್ ಟೈರ್ (ಕೆಸರಿನ ಟೈರ್) ಹಾಕಬೇಕು, ಆಕ್ಸಲ್ ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡ್ರಿ.

ಕಂಪನಿಯ 205/70 ಆರ್15 ಟೈರಿನ ಎತ್ತರ ಸುಮಾರು 26.3 ಇಂಚು. 31ಕ್ಕೆ ಹೋದರೆ ಗಾಲಿ ನೆಲ ಹಿಡಿದಾಗ ಆಕ್ಸಲ್ ಶಾಫ್ಟನ್ನು (ಗಾಲಿ ತಿರುಗಿಸುವ ಉಕ್ಕಿನ ದಂಡವನ್ನು) ತಿರುಚುವ ಬಲ ಸುಮಾರು 18% ಏರುತ್ತದೆ. ಟೈರಿನ ತೂಕ, ಹೆಚ್ಚಿದ ಹಿಡಿತ ಬೇರೆ. ಇಷ್ಟಾಗಿಯೂ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ನೆಲದಿಂದ ಏಳೋದು ಎರಡೂಕಾಲು ಇಂಚಿನಷ್ಟು ಮಾತ್ರ.

ನಮ್ಮ ಯರಿ ಮಣ್ಣಿನಲ್ಲಿ ಇನ್ನೊಂದು ಅಪಾಯ ಇದೆ. ಮಳೆಗಾಲದಲ್ಲಿ ಚಿಂಚೋಳಿ ಕಡೆ ನನ್ನ ಹಳೇ ಜೀಪಿನ ಗಾಲಿ ಕೆಸರಲ್ಲಿ ಸುಮ್ಮನೆ ಸುತ್ತುತ್ತಿತ್ತು. ನಾನು ಆಕ್ಸಿಲರೇಟರ್ ಒತ್ತಿದೆ. ಕೆಳಗಿನ ಗರಸು ಸಿಕ್ಕ ಕೂಡಲೇ ಗಾಲಿ ಗಪ್ಪನೆ ಹಿಡಿಯಿತು, ಹಿಂದಿನ ಬಲಗಡೆ ಶಾಫ್ಟ್ ಹಬ್ ಹತ್ತಿರವೇ ತುಂಡಾಯಿತು. ಸೆಮಿ ಫ್ಲೋಟಿಂಗ್ ಆಕ್ಸಲ್ ಅದು. ಗಾಡಿಯ ಭಾರ ಹೊರೋದೂ ಶಾಫ್ಟೇ, ಗಾಲಿ ತಿರುಗಿಸೋದೂ ಶಾಫ್ಟೇ. ಗಾಲಿ ಹೊರಕ್ಕೆ ವಾಲಿತು, ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು. ಆಮೇಲೆ ಲೇಥಿನಲ್ಲಿ ಹೊಸ ಶಾಫ್ಟ್ ಮಾಡಿಸಿದೆ. ಉಕ್ಕಿಗೆ ಸರಿಯಾದ ಹದ ಕೊಟ್ಟಿರಲಿಲ್ಲ, ಎರಡೇ ತಿಂಗಳಿಗೆ ಸ್ಪ್ಲೈನ್ (ಶಾಫ್ಟಿನ ತುದಿಯ ಹಲ್ಲುಗಳು) ತಿರುಚಿಕೊಂಡಿತು. ಸೋವಿ ಶಾಫ್ಟಿಗೆ ದಯವಿಟ್ಟು ಕೈ ಹಾಕಬೇಡ್ರಿ.

ನಿಮ್ಮ ಜಿಪ್ಸಿಯ ಹಿಂದಿನದೂ ಸೆಮಿ ಫ್ಲೋಟಿಂಗೇ. ಮುಂದೆ ಬರ್ಫೀಲ್ಡ್ ಜಾಯಿಂಟ್ ಇದೆ, ಅಂದರೆ ಸ್ಟೇರಿಂಗ್ ತಿರುಗಿಸಿದಾಗಲೂ ಗಾಲಿಗೆ ಬಲ ಮುಟ್ಟಿಸುವ ಕೀಲು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಜೋರು ಕೊಟ್ಟರೆ ದೊಡ್ಡ ಟೈರಿಗೆ ಮೊದಲು ಸೋಲೋದು ಅದೇ. 31 ಬೇಕೇ ಬೇಕು ಅಂದರೆ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ) ಉಕ್ಕಿನ ಶಾಫ್ಟು, ಗಟ್ಟಿ ಬರ್ಫೀಲ್ಡು ಮೊದಲು ಹಾಕಿಸ್ರಿ. ಹಿಂದೆ ಫುಲ್ ಫ್ಲೋಟಿಂಗ್ ಮಾಡಿಸಲು ಆದರೆ ಇನ್ನೂ ಒಳ್ಳೇದು. ಅದರಲ್ಲಿ ಭಾರವನ್ನು ಹಬ್ ಹೊರುತ್ತದೆ, ಶಾಫ್ಟ್ ಮುರಿದರೂ ಗಾಲಿ ಕಳಚೋದಿಲ್ಲ.

ಗೇರಿನ ವಿಷಯ. ದೊಡ್ಡ ಟೈರಿನಿಂದ ಎಳೆತ ಕುಂದುತ್ತದೆ, ಸ್ಪೀಡೋಮೀಟರ್ 60 ತೋರಿಸುವಾಗ ನೀವು 70ರಲ್ಲಿ ಹೋಗುತ್ತಿರುತ್ತೀರಿ. ಎಳೆತ ಮರಳಿ ತರಲು ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ) ಬದಲಿಸಿದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಅನುಪಾತ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಒಂದಕ್ಕೊಂದು ಜಗ್ಗಾಡುತ್ತವೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಹಿಂದಿನ ಮುಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯಾಗಿರುವುದರಿಂದ ಅದರೊಳಗೇ ಕಡಿಮೆ ವೇಗದ ಗೇರ್ ಸೆಟ್ ಹಾಕಿಸಬಹುದು. ನನಗೆ ಇದೇ ಹಿಡಿಸುತ್ತದೆ, ಗಾಡಿ ನಿಧಾನಕ್ಕೆ ತೆವಳುವುದರಿಂದ ಗಾಲಿ ಸುತ್ತೋದು ಕಡಿಮೆ.

ಕಾನೂನನ್ನೂ ಮರೆಯಬೇಡ್ರಿ. ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸೋದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಬೀಳಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು 215/75 ಆರ್15 ನೋಡುತ್ತಿದ್ದೆ. ಎತ್ತರ ಸುಮಾರು 27.7 ಇಂಚು, ಆಕ್ಸಲ್ ಮೇಲೆ ಹೊರೆ ಅಷ್ಟಾಗಿ ಬೀಳೋದಿಲ್ಲ. ಕೆಸರಲ್ಲಿ ಗಾಳಿ 18 ಪಿಎಸ್‌ಐಗೆ ಇಳಿಸ್ರಿ, ಡಾಂಬರು ರಸ್ತೆ ಹತ್ತುವ ಮೊದಲು ಮತ್ತೆ ತುಂಬಿಸ್ರಿ. ಶಹಾಬಾದ್ ಕಲ್ಲಿನ ಖಣಿ ಕಡೆ ಹೋದರೆ ಮಾತ್ರ ಅಷ್ಟು ಇಳಿಸಬೇಡ್ರಿ, ಆ ಕಲ್ಲಿನ ಅಂಚು ಟೈರಿನ ಪಕ್ಕವನ್ನು ಸೀಳುತ್ತದೆ.

ಟೈರ್ ಯಾವುದೇ ಇರಲಿ, ಕೊಳ್ಳುವ ಮೊದಲು ಜಾಕ್ ಹಚ್ಚಿ ನಾಲ್ಕೂ ಗಾಲಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡ್ರಿ. ಸಡಿಲ ಕಂಡರೆ ಮೊದಲು ಬೇರಿಂಗ್ ಹಾಕಿಸ್ರಿ.