ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್‌ನ ಫೋಲ್ಡರ್ ಪಟ್ಟಿ ಕಾಣೆಯಾಗಿದೆ. ಮತ್ತೆ ತರುವುದು ಹೇಗೆ?

ಮೊದಲು ನಿಮ್ಮ ಆತಂಕಕ್ಕೆ ಉತ್ತರ: ಫೋಲ್ಡರ್ ಅಳಿಸಿಹೋಗಿಲ್ಲ. ವಿಂಡೋಸ್ 10ರಲ್ಲಿ ಗಡಿಯಾರದ ಪಕ್ಕ 'ಕೆಲಸ' ಎಂಬ ಟೂಲ್‌ಬಾರ್ ಇತ್ತು, ಅದರ ಪುಟ್ಟ ಬಾಣ ಒತ್ತಿದರೆ ಫೋಲ್ಡರುಗಳೆಲ್ಲ ಮೆನುವಿನಂತೆ ತೆರೆದುಕೊಳ್ಳುತ್ತಿದ್ದವು, ಅದೇ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಿದ ಮೇಲೆ ಟೂಲ್‌ಬಾರ್ ಕಾಣುತ್ತಿಲ್ಲ, ಪರದೆಯ ಕೆಳಗಿನ ಟಾಸ್ಕ್‌ಬಾರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಟೂಲ್‌ಬಾರ್ ಸೇರಿಸುವ ಆಯ್ಕೆಯೇ ಇಲ್ಲ ಎಂದು ಬರೆದಿದ್ದೀರಿ. ಒಳಗಿದ್ದ ಕಡತಗಳೂ ಹೋದವೇ ಎಂದು ಕೇಳಿದ್ದೀರಿ. ಟೂಲ್‌ಬಾರ್ ಎಂದೂ ಏನನ್ನೂ ತನ್ನೊಳಗೆ ಇಟ್ಟುಕೊಂಡಿರಲಿಲ್ಲ. ಡಿಸ್ಕಿನ ಮೇಲೆ ಎಲ್ಲೋ ಇರುವ ಒಂದು ಸಾಮಾನ್ಯ ಫೋಲ್ಡರಿಗೆ ಅದು ಕಿಟಕಿಯಾಗಿತ್ತು, ಅಷ್ಟೇ. ಕಿಟಕಿ ಮುಚ್ಚಿದೆ, ಕೋಣೆ ಹಾಗೆಯೇ ಇದೆ. ಆ ಟೂಲ್‌ಬಾರ್ ಮಾಡುವಾಗ ನೀವು ಯಾವ ಫೋಲ್ಡರನ್ನು ತೋರಿಸಿದ್ದಿರೋ ಅದನ್ನು ಸ್ಟಾರ್ಟ್ ಮೆನುವಿನಲ್ಲಿ ಹೆಸರು ಬರೆದು ಹುಡುಕಿ, ಸಿಗುತ್ತದೆ. ಹಳೆಯ ಕ್ವಿಕ್ ಲಾಂಚ್ ಪಟ್ಟಿಯನ್ನೇ ಬಳಸುತ್ತಿದ್ದರೆ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಚೌಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಶೆಲ್ ಎಂದು ಬರೆದು, ಎರಡು ಚುಕ್ಕೆಯ ಕೋಲನ್ ಹಾಕಿ, ಕ್ವಿಕ್ ಲಾಂಚ್ ಎಂದು ಮುಗಿಸಿ ಎಂಟರ್ ಒತ್ತಿ. ಆ ಫೋಲ್ಡರ್ ನೇರವಾಗಿ ತೆರೆದುಕೊಳ್ಳುತ್ತದೆ.

ಅದನ್ನು ಮತ್ತೆ ತರುವುದು ಹೇಗೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟು ಹಿತವಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರನ್ನು ಬುಡದಿಂದ ಹೊಸದಾಗಿ ಕಟ್ಟಿದರು. ನಮ್ಮದೇ ಟೂಲ್‌ಬಾರ್ ಸೇರಿಸುವ ಸೌಲಭ್ಯ ಆ ಹೊಸ ಕಟ್ಟಡಕ್ಕೆ ಬರಲೇ ಇಲ್ಲ. ಎಲ್ಲೋ ಅಡಗಿರಬಹುದೆಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತಾ ಸಂಜೆಗಳನ್ನು ಕಳೆಯಬೇಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಿಂದಕ್ಕೆ ಹೋಗಿ ಎಂದು ಹೇಳಲು ನನಗೆ ಮನಸ್ಸಿಲ್ಲ.

ನಾನು ಪುಟವಿನ್ಯಾಸದ ಕೆಲಸ ಮಾಡುವವನು. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸಣ್ಣಪುಟ್ಟ ಪುಸ್ತಕಗಳು. ವಿಂಡೋಸ್ 98ರ ಕಾಲದಲ್ಲಿ ಸ್ಟಾರ್ಟ್ ಗುಂಡಿಯ ಪಕ್ಕದಲ್ಲಿದ್ದ ಕ್ವಿಕ್ ಲಾಂಚ್‌ನಿಂದಲೇ ನನ್ನ ಕೈ ಪಳಗಿತು. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಬಂದ ಪಟ್ಟಿ ಅದು. 2009ರಲ್ಲಿ ವಿಂಡೋಸ್ 7 ಬಂದಾಗ ಅದು ತೆರೆಮರೆಗೆ ಸರಿಯಿತು, ಐಕಾನ್‌ಗಳನ್ನು ಟಾಸ್ಕ್‌ಬಾರ್‌ಗೇ ಪಿನ್ ಮಾಡುವ, ಅಂದರೆ ಅಲ್ಲೇ ಕಾಯಂ ಆಗಿ ಅಂಟಿಸಿಡುವ ಪದ್ಧತಿ ಬಂತು. ಆಗ ನಾನು ಫೋಲ್ಡರ್ ಟೂಲ್‌ಬಾರಿಗೆ ಹೊರಳಿದೆ. ಈಗ ಅದೂ ಹೋಗಿದೆ. ಪ್ರತಿ ಸಲ ಹೋದದ್ದು ಬಾಗಿಲು ಮಾತ್ರ. ಒಳಗಿನ ವ್ಯವಸ್ಥೆ ನನ್ನದಾಗಿದ್ದರಿಂದ ಪ್ರತಿ ಸಲವೂ ಅರ್ಧ ಗಂಟೆಯಲ್ಲಿ ಹೊಸ ಬಾಗಿಲಿಗೆ ಜೋಡಿಸಿಕೊಂಡೆ. ನಿಮಗೂ ಇದನ್ನೇ ಹೇಳುತ್ತೇನೆ: ಟೂಲ್‌ಬಾರನ್ನು ಮರಳಿ ತರುವ ಮೊದಲು, ಯಾವ ಬಾಗಿಲಿಗೂ ಹೊಂದುವ ಒಂದು ಫೋಲ್ಡರ್ ಮಾಡಿಕೊಳ್ಳಿ.

ನನ್ನ ಫೋಲ್ಡರಿನ ಹೆಸರು 'ಕೈಯಳತೆ'. ಅದರಲ್ಲಿ ಒಂದೇ ಒಂದು ನಿಜವಾದ ಕಡತ ಇಲ್ಲ, ಎಲ್ಲವೂ ಶಾರ್ಟ್‌ಕಟ್‌ಗಳು, ಅಂದರೆ ಬೇರೆಡೆ ಇರುವ ಕಡತವನ್ನೋ ಫೋಲ್ಡರನ್ನೋ ತೆರೆಯುವ ಕೊಂಡಿಗಳು. ಈ ವಾರ ನಡೆಯುತ್ತಿರುವ ಕೆಲಸಗಳ ಫೋಲ್ಡರುಗಳು, ದರಪಟ್ಟಿಯ ಹಾಳೆ, ಫಾಂಟ್‌ಗಳ ಫೋಲ್ಡರ್, ಅಚ್ಚಿಗೆ ಹೋಗಲು ಸಿದ್ಧವಾದ ಪಿಡಿಎಫ್‌ಗಳ ಫೋಲ್ಡರ್. ಒಟ್ಟು ಎಂಟು ದಾಟದಂತೆ ನೋಡಿಕೊಳ್ಳುತ್ತೇನೆ. ಕೆಲಸ ಮುಗಿದ ದಿನವೇ ಅದರ ಶಾರ್ಟ್‌ಕಟ್ ತೆಗೆಯುತ್ತೇನೆ. ಶಾರ್ಟ್‌ಕಟ್ ಅಳಿಸಿದರೆ ಮೂಲ ಕಡತಕ್ಕೆ ಏನೂ ಆಗುವುದಿಲ್ಲ.

ಈ ಕಟ್ಟುನಿಟ್ಟು ನನಗೆ ಒಂದು ಲಗ್ನಪತ್ರಿಕೆಯಿಂದ ಬಂತು. ಮುಹೂರ್ತ ಒಂದು ದಿನ ಮುಂದಕ್ಕೆ ಹೋಗಿತ್ತು, ತಿದ್ದಿದ ಪುಟ 'ಅಂತಿಮ 2' ಎಂಬ ಫೋಲ್ಡರಿನಲ್ಲಿತ್ತು. ಅವಸರದಲ್ಲಿ 'ಅಂತಿಮ' ಎಂಬುದನ್ನು ತೆರೆದು ಹಳೆಯ ಪಿಡಿಎಫನ್ನು ಅಚ್ಚಿಗೆ ಕಳಿಸಿದೆ. ಐನೂರು ಪತ್ರಿಕೆಗಳು ಹಳೆಯ ತಾರೀಖಿನಲ್ಲಿ ಅಚ್ಚಾಗಿ ಬಂದವು. ಹುಡುಗಿಯ ತಂದೆ ಒಂದು ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು, ಬೈಯಲೂ ಇಲ್ಲ. ಮತ್ತೆ ನನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿಕೊಟ್ಟೆ. ಕಡತವನ್ನು ಬೇಗ ತೆಗೆಯುವುದಕ್ಕಿಂತ ಸರಿಯಾದ ಕಡತವನ್ನು ತೆಗೆಯುವುದು ನನಗೆ ಅಂದಿನಿಂದ ದೊಡ್ಡ ವಿಷಯ. ಎರಡು ಅಂತಿಮಗಳು ಒಂದೇ ಪಟ್ಟಿಯಲ್ಲಿ ಕಾಣಿಸಲೇಬಾರದು.

ಈಗ ಬಾಗಿಲುಗಳ ವಿಷಯ. ನಿಮಗೆ ಬೇಕಾದ ಮೆನುವಿಗೆ ತೀರಾ ಹತ್ತಿರವಾದದ್ದು ವಿಂಡೋಸ್ 11ರೊಳಗೇ ಇದೆ, ಆದರೆ ಬಹಳ ಜನ ಅದನ್ನು ಗಮನಿಸಿಲ್ಲ. ಟಾಸ್ಕ್‌ಬಾರ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಹಳದಿ ಐಕಾನ್ ಇದೆಯಲ್ಲ, ಅದರ ಮೇಲೆ ಬಲಗುಂಡಿ ಒತ್ತಿ. ಜಂಪ್ ಲಿಸ್ಟ್ ಎಂಬ ಪಟ್ಟಿ ಮೇಲಕ್ಕೆ ತೆರೆದುಕೊಳ್ಳುತ್ತದೆ, ಪಿನ್ ಮಾಡಿದ ಫೋಲ್ಡರುಗಳು ಅದರಲ್ಲಿರುತ್ತವೆ. ನಿಮ್ಮ 'ಕೆಲಸ' ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ 'ಪಿನ್ ಟು ಕ್ವಿಕ್ ಆಕ್ಸೆಸ್' ಆರಿಸಿದರೆ ಅದು ಈ ಪಟ್ಟಿಗೂ ಬರುತ್ತದೆ, ಎಕ್ಸ್‌ಪ್ಲೋರರ್ ಕಿಟಕಿಯ ಎಡಬದಿಯ ಪಟ್ಟಿಗೂ ಬರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಎಕ್ಸ್‌ಪ್ಲೋರರ್ ಐಕಾನನ್ನು ಎಳೆದು ಪಿನ್ ಮಾಡಿದ ಐಕಾನ್‌ಗಳ ಪೈಕಿ ಮೊದಲನೆಯದಾಗಿ ಇಡಿ. ಆಮೇಲೆ ವಿಂಡೋಸ್ ಕೀ, ಆಲ್ಟ್ ಮತ್ತು 1 ಒಟ್ಟಿಗೆ ಒತ್ತಿ. ಮೌಸ್ ಮುಟ್ಟದೆ ಅದೇ ಪಟ್ಟಿ ತೆರೆಯುತ್ತದೆ. ಬಾಣದ ಗುಂಡಿಗಳಿಂದ ಬೇಕಾದ ಫೋಲ್ಡರಿಗೆ ಹೋಗಿ ಎಂಟರ್ ಒತ್ತಿದರಾಯಿತು. ನಾನು ದಿನಕ್ಕೆ ಎಷ್ಟು ಸಲ ಇದನ್ನು ಒತ್ತುತ್ತೇನೋ ಲೆಕ್ಕವಿಲ್ಲ.

ಹಳೆಯ ಟೂಲ್‌ಬಾರಿನಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ಒಂದೇ, ಒಳಫೋಲ್ಡರುಗಳು ಪಕ್ಕಕ್ಕೆ ಪದರಪದರವಾಗಿ ಬಿಚ್ಚಿಕೊಳ್ಳುವ ಸೊಗಸು. ಅದರ ನಷ್ಟ ನನಗೂ ಇದೆ. ಆದರೆ ಹಳೆಯ ಟೂಲ್‌ಬಾರಿಗೆ ಸಾಧ್ಯವೇ ಇರದಿದ್ದ ಒಂದು ಅನುಕೂಲ ಎಡಬದಿಯ ಪಟ್ಟಿಯಲ್ಲಿದೆ, ಅದಕ್ಕಾಗಿಯೇ ನಾನು ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಕಡತವನ್ನು ಉಳಿಸುವಾಗ ಬರುವ ಕಿಟಕಿಯಲ್ಲಿ, ತೆರೆಯುವಾಗ ಬರುವ ಕಿಟಕಿಯಲ್ಲಿ, ಬ್ರೌಸರ್‌ನಿಂದ ಮಿಂಚಂಚೆಗೆ ಕಡತ ಲಗತ್ತಿಸುವಾಗಲೂ ಇದೇ ಪಟ್ಟಿ ಎಡಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಟೂಲ್‌ಬಾರ್ ಕಡತವನ್ನು ತೆರೆಯಲು ಮಾತ್ರ ನೆರವಾಗುತ್ತಿತ್ತು. ಉಳಿಸುವಾಗ ನಾವು ಮತ್ತೆ ಡ್ರೈವ್‌ನಿಂದ ಶುರುಮಾಡಿ ಒಂದೊಂದೇ ಫೋಲ್ಡರ್ ಇಳಿಯುತ್ತಿದ್ದೆವು. ತಪ್ಪು ಜಾಗದಲ್ಲಿ ಕಡತ ಬೀಳುತ್ತಿದ್ದದ್ದೂ ಅಲ್ಲಿಯೇ.

ಒಂದು ಬದಲಾವಣೆಯನ್ನು ಮರೆಯದೆ ಮಾಡಿ. ಎಕ್ಸ್‌ಪ್ಲೋರರ್ ಕಿಟಕಿಯ ಮೇಲಿರುವ ಮೂರು ಚುಕ್ಕೆ ಒತ್ತಿ 'ಆಪ್ಷನ್ಸ್' ತೆರೆಯಿರಿ. ಮೊದಲ ಪುಟದ ಕೆಳಭಾಗದಲ್ಲಿ, ಪದೇಪದೇ ಬಳಸಿದ ಫೋಲ್ಡರುಗಳನ್ನು ತೋರಿಸು ಎಂಬ ಅರ್ಥದ ಸಾಲಿನ ಮುಂದೆ ಇರುವ ಗುರುತನ್ನು ತೆಗೆಯಿರಿ. ಅದು ಇದ್ದರೆ ಪಟ್ಟಿ ತಾನಾಗಿ ಬದಲಾಗುತ್ತಿರುತ್ತದೆ: ನಿನ್ನೆ ಮೂರನೆಯದಾಗಿದ್ದ ಸಾಲು ಇಂದು ಐದನೆಯದಾಗಿರುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಕಣ್ಣು ಮುಚ್ಚಿ ತೆಗೆಯುವುದು ಅದು ಇದ್ದಲ್ಲೇ ಇರುವುದರಿಂದ. ನೀವೇ ಪಿನ್ ಮಾಡಿದ್ದು ಮಾತ್ರ ಉಳಿದರೆ, ಎಳೆದು ನಿಮಗೆ ಬೇಕಾದ ಅನುಕ್ರಮದಲ್ಲಿ ಇಟ್ಟರೆ, ಒಂದು ವಾರದಲ್ಲಿ ಕೈ ತಾನಾಗಿ ಕಲಿಯುತ್ತದೆ.

ಟಾಸ್ಕ್‌ಬಾರ್‌ನಲ್ಲಿ ಫೋಲ್ಡರಿಗೇ ಪ್ರತ್ಯೇಕ ಗುಂಡಿ ಬೇಕು ಎನ್ನುವುದಾದರೆ ಅದೂ ಸಾಧ್ಯ. ವಿಂಡೋಸ್ ಫೋಲ್ಡರನ್ನು ನೇರವಾಗಿ ಟಾಸ್ಕ್‌ಬಾರ್‌ಗೆ ಪಿನ್ ಮಾಡಲು ಬಿಡುವುದಿಲ್ಲ, ತಂತ್ರಾಂಶವನ್ನು ಮಾತ್ರ ಬಿಡುತ್ತದೆ. ಹಾಗಾಗಿ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶದ ಮೂಲಕ ಫೋಲ್ಡರನ್ನು ತೆರೆಯುವ ಶಾರ್ಟ್‌ಕಟ್ ಮಾಡಬೇಕು. ಮೊದಲು ನಿಮ್ಮ ಫೋಲ್ಡರನ್ನು ಆರಿಸಿ ಕಂಟ್ರೋಲ್, ಶಿಫ್ಟ್, ಸಿ ಒತ್ತಿ. ಅದರ ಪೂರ್ಣ ವಿಳಾಸ ಉದ್ಧರಣ ಚಿಹ್ನೆಗಳ ಸಮೇತ ನಕಲಾಗುತ್ತದೆ. ಆಮೇಲೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ 'ನ್ಯೂ', ಅದರಲ್ಲಿ 'ಶಾರ್ಟ್‌ಕಟ್' ಆರಿಸಿ. ಬರುವ ಚೌಕದಲ್ಲಿ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೋರರ್ ಎಂದು ಬರೆದು, ಒಂದು ಜಾಗ ಬಿಟ್ಟು, ನಕಲು ಮಾಡಿದ ವಿಳಾಸವನ್ನು ಅಂಟಿಸಿ. ಹೆಸರು ಕೊಟ್ಟು ಮುಗಿಸಿ. ಪಿನ್ ಮಾಡುವುದಕ್ಕೆ ಮೊದಲೇ ಅದರ 'ಪ್ರಾಪರ್ಟೀಸ್'ಗೆ ಹೋಗಿ ಐಕಾನ್ ಬದಲಿಸಿಕೊಳ್ಳಿ. ಮೊದಲು ಪಿನ್ ಮಾಡಿ ಆಮೇಲೆ ಬದಲಿಸಿದರೆ ಟಾಸ್ಕ್‌ಬಾರ್ ಹಳೆಯ ಚಿತ್ರವನ್ನೇ ಹಿಡಿದುಕೊಂಡು ಕೂರುವುದುಂಟು. ಕೊನೆಗೆ ಶಿಫ್ಟ್ ಒತ್ತಿಹಿಡಿದು ಶಾರ್ಟ್‌ಕಟ್ ಮೇಲೆ ಬಲಗುಂಡಿ ಒತ್ತಿ, ಪೂರ್ಣ ಮೆನುವಿನಲ್ಲಿ 'ಪಿನ್ ಟು ಟಾಸ್ಕ್‌ಬಾರ್' ಆರಿಸಿ. ಅದು ಪಿನ್ ಮಾಡಿದ ಐಕಾನ್‌ಗಳ ಪೈಕಿ ಎಡದಿಂದ ಎರಡನೆಯದಾಗಿದ್ದರೆ ವಿಂಡೋಸ್ ಕೀ ಮತ್ತು 2 ಒತ್ತಿದರೆ ತೆರೆಯುತ್ತದೆ. ತೆರೆದ ಕಿಟಕಿ ಮಾತ್ರ ಹಳದಿ ಎಕ್ಸ್‌ಪ್ಲೋರರ್ ಐಕಾನ್ ಕೆಳಗೆ ಹೋಗಿ ಸೇರುತ್ತದೆ, ನಿಮ್ಮ ಗುಂಡಿಯ ಕೆಳಗಲ್ಲ. ಮೊದಲ ಒಂದೆರಡು ದಿನ ಇದು ಗೊಂದಲ ಮಾಡುತ್ತದೆ.

ಅದೇ 'ಪ್ರಾಪರ್ಟೀಸ್' ಪುಟದಲ್ಲಿ 'ಶಾರ್ಟ್‌ಕಟ್ ಕೀ' ಎಂಬ ಚೌಕವೂ ಇದೆ. ಅಲ್ಲಿ ಒಂದು ಅಕ್ಷರ ಒತ್ತಿದರೆ ಕಂಟ್ರೋಲ್ ಮತ್ತು ಆಲ್ಟ್ ತಾವಾಗಿ ಸೇರಿಕೊಳ್ಳುತ್ತವೆ. ಶಾರ್ಟ್‌ಕಟ್ ಡೆಸ್ಕ್‌ಟಾಪ್‌ನಲ್ಲೋ ಸ್ಟಾರ್ಟ್ ಮೆನುವಿನ ಫೋಲ್ಡರಿನಲ್ಲೋ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಿ. ಬೇರೆ ಫೋಲ್ಡರಿಗೆ ಸಾಗಿಸಿದ ಮೇಲೆ ಕೀ ಸತ್ತುಹೋಯಿತೆಂದು ದೂರುವವರು ಬಹಳ.

ಹಳೆಯ ಟಾಸ್ಕ್‌ಬಾರನ್ನೇ ಮರಳಿ ತರುವ ಎಕ್ಸ್‌ಪ್ಲೋರರ್‌ಪ್ಯಾಚರ್‌ನಂತಹ ತಂತ್ರಾಂಶಗಳ ಬಗ್ಗೆಯೂ ಕೇಳಿದ್ದೀರಿ. ಮನೆಯ ಕಂಪ್ಯೂಟರಾದರೆ, ಸರಿಪಡಿಸಿಕೊಳ್ಳುವ ತಾಳ್ಮೆ ಇದ್ದರೆ ಹಾಕಿ ನೋಡಿ. ಆದರೆ ಅವು ವಿಂಡೋಸ್‌ನ ಒಳಗಿನ ಭಾಗಗಳಿಗೇ ಕೈ ಹಾಕುತ್ತವೆ. ದೊಡ್ಡ ಅಪ್‌ಡೇಟ್ ಬಂದಾಗ ಅದಕ್ಕೆ ಹೊಂದುವ ಆವೃತ್ತಿ ಬರುವವರೆಗೆ ಟಾಸ್ಕ್‌ಬಾರೇ ಕೈಕೊಡಬಹುದು. ಜನ ಎದುರಿಗೆ ಕಾಯುತ್ತಿರುವ ಕಂಪ್ಯೂಟರಿನಲ್ಲಿ ನಾನು ಅದನ್ನು ಹಾಕುವುದಿಲ್ಲ.

ಹೆಸರುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನೀವು ಕಳಿಸಿದ ಪರದೆಯ ಚಿತ್ರದಲ್ಲಿ ಎರಡು ಫೋಲ್ಡರುಗಳ ಹೆಸರು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೊಂಚಲಿನಂತೆ ಕಾಣುತ್ತಿತ್ತು. 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ವಿಧಾನದಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ ಅಲ್ಲದ ವಿಧಾನದಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಅವು. ಆ ವಿಧಾನದಲ್ಲಿ ಕನ್ನಡ ಕಾಣುವುದು ಫಾಂಟ್‌ನ ಬಲದಿಂದ. ಕಡತದ ಹೆಸರಿಗೆ ಆ ಫಾಂಟ್ ಹಚ್ಚಲು ಬರುವುದಿಲ್ಲ. ಹೀಗಾಗಿ ಹುಡುಕಿದರೂ ಸಿಗುವುದಿಲ್ಲ. ಯುನಿಕೋಡ್‌ಗೆ ಬದಲಿಸಿಕೊಂಡು ಆ ಎರಡು ಹೆಸರುಗಳನ್ನು ಮತ್ತೆ ಬರೆಯಿರಿ. ಯುನಿಕೋಡ್ ಕನ್ನಡದ ಹೆಸರುಗಳನ್ನು ವಿಂಡೋಸ್ ಯಾವ ತಕರಾರೂ ಇಲ್ಲದೆ ಹಿಡಿದುಕೊಳ್ಳುತ್ತದೆ, ಸ್ಟಾರ್ಟ್ ಮೆನುವಿನಲ್ಲಿ ಕನ್ನಡದಲ್ಲೇ ಬರೆದು ಹುಡುಕಬಹುದು. 'ಕೈಯಳತೆ'ಯೊಳಗಿನ ಶಾರ್ಟ್‌ಕಟ್‌ಗಳಿಗೆ ನಾನು ಮುಂದೆ 1, 2 ಎಂದು ಅಂಕಿ ಸೇರಿಸುತ್ತೇನೆ. ಆಗ ಅಕಾರಾದಿ ಕ್ರಮದ ಬದಲು ನನ್ನ ಕೆಲಸದ ಕ್ರಮದಲ್ಲಿ ನಿಲ್ಲುತ್ತವೆ.

ನಿಮ್ಮ ಪಟ್ಟಿಯಲ್ಲಿ ಕಚೇರಿಯ ಸರ್ವರ್ ಮೇಲಿನ ಒಂದು ಫೋಲ್ಡರೂ ಇದೆ ಎಂದಿದ್ದೀರಿ. ಅದನ್ನು ಮಾತ್ರ ಎಡಬದಿಯ ಪಟ್ಟಿಗೆ ಪಿನ್ ಮಾಡಬೇಡಿ. ಸರ್ವರ್ ಆರಿರುವಾಗ, ಅಥವಾ ನೀವು ಲ್ಯಾಪ್‌ಟಾಪನ್ನು ಮನೆಗೆ ಒಯ್ದಾಗ, ಸಿಗದ ಫೋಲ್ಡರಿಗಾಗಿ ಎಕ್ಸ್‌ಪ್ಲೋರರ್ ಕಾಯುತ್ತಾ ನಿಂತು ಕಿಟಕಿ ತೆರೆಯುವುದೇ ನಿಧಾನವಾಗಬಹುದು. ಪೆನ್‌ಡ್ರೈವ್‌ನ ಫೋಲ್ಡರುಗಳಿಗೂ ಇದೇ ಮಾತು. ಅಂಥವುಗಳ ಶಾರ್ಟ್‌ಕಟ್ ಮಾಡಿ ನಿಮ್ಮ 'ಕೆಲಸ' ಫೋಲ್ಡರಿನೊಳಗೆ ಇಟ್ಟುಕೊಳ್ಳಿ, ಬೇಕಾದಾಗ ಎರಡು ಸಲ ಕ್ಲಿಕ್ ಮಾಡಿದರೆ ಸಾಕು.