ಲ್ಯೂವೆನ್‌ನಲ್ಲಿ ಇಂಗ್ಲಿಷ್ ಒಂದೇ ಸಾಕೇ?

ಮುಳಬಾಗಿಲಿನಿಂದ ನೀವು ಬರೆದದ್ದನ್ನು ಎರಡು ಸಲ ಓದಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಇಂಗ್ಲಿಷ್ ಸ್ನಾತಕೋತ್ತರ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ಅಲ್ಲಿ ಇಂಗ್ಲಿಷ್ ಒಂದರಿಂದಲೇ ಕಾಲ ಹಾಕಬಹುದೇ, ಡಚ್ ಕಲಿಯಲೇಬೇಕೇ, ಕನ್ನಡ ಮಾಧ್ಯಮದವನೆಂಬುದು ಅಡ್ಡಿಯಾಗುವುದೇ ಎಂದು ಕೇಳಿದ್ದೀರಿ. ಶ್ರೀನಿವಾಸಪುರದ ಕಡೆಯವನಾದ ನಾನು ಇಲ್ಲಿ ನೆಲೆಸಿ 17 ವರ್ಷಗಳಾದವು. ಪದವಿ ಪಡೆಯಲು ಇಂಗ್ಲಿಷ್ ಸಾಕು, ಇಲ್ಲಿ ಬಾಳಲು ಸಾಲದು ಎಂಬುದೇ ನನ್ನ ಉತ್ತರ.

ಈ ಊರಿಗೆ ಭಾಷೆ ಎಷ್ಟು ಗಂಭೀರವಾದ ಸಂಗತಿ ಎಂಬುದನ್ನು ಬರುವ ಮೊದಲೇ ತಿಳಿದುಕೊಂಡಿರಿ. 1425ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದಲ್ಲಿ ಶತಮಾನಗಳ ಕಾಲ ಲ್ಯಾಟಿನ್, ಆಮೇಲೆ ಫ್ರೆಂಚ್ ಪಾಠದ ಭಾಷೆಯಾಗಿದ್ದವು. ಸುತ್ತಲಿನ ಜನ ಆಡುವ ಡಚ್‌ಗೆ ತರಗತಿಯೊಳಗೆ ಸ್ಥಾನ ಸಿಕ್ಕಿದ್ದು 20ನೇ ಶತಮಾನದಲ್ಲಿ. 1968ರಲ್ಲಿ ಡಚ್ ಮತ್ತು ಫ್ರೆಂಚ್ ಭಾಷಿಕರ ಜಗಳ ಎಷ್ಟು ಬಲಿಯಿತೆಂದರೆ ದೇಶದ ಸರ್ಕಾರವೇ ಬಿದ್ದು, ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ವಿಭಾಗಕ್ಕಾಗಿ ಹೊಲಗಳ ನಡುವೆ ಲೂವೆನ್-ಲಾ-ನವ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನೂ ಅವುಗಳ ಕ್ರಮಸಂಖ್ಯೆ ಸರಿಯೋ ಬೆಸವೋ ಎಂದು ನೋಡಿ ಪಾಲು ಮಾಡಿಕೊಂಡರು. ಅಣ್ಣತಮ್ಮಂದಿರು ಪಾತ್ರೆಪಗಡ ಹಂಚಿಕೊಂಡಂತಹ ಆ ಹಂಚಿಕೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಷ್ಟು ಕಷ್ಟಪಟ್ಟು ಡಚ್‌ಗೆ ದಕ್ಕಿಸಿಕೊಂಡ ಜಾಗವನ್ನು ವಿದೇಶಿ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್‌ಗೆ ಸುಮ್ಮನೆ ಬಿಟ್ಟುಕೊಡಲು ಇವರು ಒಪ್ಪಲಿಲ್ಲ. ಇಂಗ್ಲಿಷ್ ಕೋರ್ಸು ತೆರೆದರೆ ಅದಕ್ಕೆ ಸಮಾನವಾದ ಡಚ್ ಕೋರ್ಸು, ಬೆಲ್ಜಿಯಂನ ಡಚ್ ಆಡುವ ಭಾಗವಾದ ಫ್ಲಾಂಡರ್ಸ್ ಪ್ರಾಂತದಲ್ಲಿ ಎಲ್ಲಾದರೂ ಇರಬೇಕೆಂಬುದು ಇಲ್ಲಿನ ಸಾಮಾನ್ಯ ನಿಯಮ. ಇದನ್ನು ಸಂಕುಚಿತ ಬುದ್ಧಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ, ಹತ್ತು ವರ್ಷ ಕನ್ನಡದಲ್ಲಿ ಕಲಿತ ದ್ಯುತಿಸಂಶ್ಲೇಷಣೆ, ಗುರುತ್ವಾಕರ್ಷಣೆಗಳೆಲ್ಲ ಕೆಲಸಕ್ಕೆ ಬಾರದ ಪದಗಳಾಗಿಬಿಟ್ಟದ್ದನ್ನು ನೀವೂ ಕಂಡಿದ್ದೀರಿ. ಜಗತ್ತಿಗೆ ಬಾಗಿಲು ತೆರೆಯುವ ವಿದ್ಯಾಸಂಸ್ಥೆ ಮನೆಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಬಾರದು.

ಕನ್ನಡ ಮಾಧ್ಯಮದ ಅಳುಕಿನ ಬಗ್ಗೆ ಒಂದು ಅನುಭವ ಹೇಳುತ್ತೇನೆ. ಇಲ್ಲಿ ಅನೇಕ ಪರೀಕ್ಷೆಗಳು ಮೌಖಿಕ. ಪ್ರಶ್ನೆ ಕೊಟ್ಟು, ಬರೆದುಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಪ್ರಾಧ್ಯಾಪಕರ ಎದುರು ಕೂರಿಸುತ್ತಾರೆ. 20ಕ್ಕೆ 10 ಬಂದರೆ ತೇರ್ಗಡೆ. ನನ್ನ ಮೊದಲ ಪರೀಕ್ಷೆಯಲ್ಲಿ ಉತ್ತರ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ನಾಲಿಗೆಗೆ ಬರಲಿಲ್ಲ. ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಗೀಚಿಕೊಂಡಿದ್ದ ನಾಲ್ಕು ಸಾಲುಗಳನ್ನು ನೋಡುತ್ತ ಒಂದೊಂದನ್ನೇ ಇಂಗ್ಲಿಷಿಗೆ ತಂದು ಹೇಳಿದೆ. ಅದು ಯಾವ ಲಿಪಿ ಎಂದು ವಿಚಾರಿಸಿದ ಪ್ರಾಧ್ಯಾಪಕರು, ಅವಸರ ಬೇಡ, ತಾವು ಕೂಡ ಡಚ್‌ನಲ್ಲೇ ಯೋಚಿಸಿ ಪಾಠ ಮಾಡುವುದು ಎಂದರು. ಆ ಕೋಣೆಯಲ್ಲಿ ಇಂಗ್ಲಿಷ್ ಇಬ್ಬರಿಗೂ ಕಡ ತಂದ ಭಾಷೆಯಾಗಿತ್ತು. ನಿಮ್ಮ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಳ್ಳಲು ನಾಚಬೇಡಿ.

ಡಚ್ ಬೇಕಾಗುವುದು ತರಗತಿ ಮುಗಿದ ಮೇಲೆ. ನಗರಸಭೆಯ ಕಾಗದ, ಬಾಡಿಗೆ ಕರಾರು, ವೈದ್ಯರ ಚೀಟಿ ಎಲ್ಲವೂ ಡಚ್‌ನಲ್ಲಿ ಬರುತ್ತವೆ. ಅದಕ್ಕಿಂತ ನೋವಿನ ವಿಷಯವೆಂದರೆ, ಕಾಫಿ ಕುಡಿಯುವಾಗ ಜೊತೆಯವರು ನಿಮಗಾಗಿ ಐದು ನಿಮಿಷ ಇಂಗ್ಲಿಷ್ ಆಡಿ, ಆಮೇಲೆ ತಮಗರಿವಿಲ್ಲದೆಯೇ ಡಚ್‌ಗೆ ಜಾರುತ್ತಾರೆ. ಮೊದಲ ಎರಡು ವರ್ಷ ಲೋಟ ಹಿಡಿದುಕೊಂಡು ಸುಮ್ಮನೆ ನಗುತ್ತ ನಿಂತಿದ್ದೇನೆ. ಸಂಶೋಧನೆಯ ಅವಕಾಶಗಳು, ಕೆಲಸ ಖಾಲಿ ಇರುವ ಸುದ್ದಿ ಓಡಾಡುವುದು ಅಂಥ ಮಾತಿನಲ್ಲೇ.

ನೀವು ಹೆದರಬೇಕಾಗಿಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ನಮ್ಮಪ್ಪ 15 ಕೆ.ಜಿ. ಬಾಕ್ಸುಗಳ ಪಕ್ಕ ನಿಂತು ದಲ್ಲಾಳಿಯೊಡನೆ ತೆಲುಗಿನಲ್ಲಿ ದರ ಎಳೆದಾಡಿ, ಗುಮಾಸ್ತರೊಡನೆ ಕನ್ನಡದಲ್ಲಿ ಲೆಕ್ಕ ಮುಗಿಸಿ, ಲಾರಿಯವನೊಡನೆ ಉರ್ದುವಿನಲ್ಲಿ ಬಾಡಿಗೆ ಕುದುರಿಸುತ್ತಿದ್ದರು. ಅವರಿಗೆ ವ್ಯಾಕರಣ ಕಲಿಸಿದವರು ಯಾರೂ ಇರಲಿಲ್ಲ. ಎದುರಿಗಿರುವವರ ಮಾತಿಗೆ ತಕ್ಕಂತೆ ನಾಲಿಗೆ ಹೊರಳಿಸುವ ಆ ರೂಢಿ ನಿಮಗೂ ಇದೆ.

ಸೆಪ್ಟೆಂಬರ್ ಕೊನೆಗೆ ತರಗತಿಗಳು ಶುರುವಾಗುತ್ತವೆ. ಬಂದ ವಾರವೇ ಡಚ್ ತರಗತಿಗೆ ಹೆಸರು ಬರೆಸಿ, ಓದಿನ ಭಾರ ಹೆಚ್ಚುವವರೆಗೆ ತಳ್ಳಬೇಡಿ. ನಗರಸಭೆಯಲ್ಲಿ ನೋಂದಣಿಗೆ ಹೋಗುವ ದಿನ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಕೌಂಟರಿನಲ್ಲಿ ಮೊದಲ ವಾಕ್ಯವನ್ನು ನೀವೇ ಡಚ್‌ನಲ್ಲಿ ಆಡಬೇಕು.