ನಗುತ್ತಾ ನೋಡಿದವರೂ ನೋಡಿದವರೇ

ಪ್ರಿಯ ಓದುಗರೇ,

ನಮ್ಮ ಸಿನಿಮಾ ಅಂಕಣದ ಬಗ್ಗೆ ನೀವು ಬರೆದ ಪತ್ರ ಓದಿದೆ. ಅಂಕಣಕಾರರು ಸಿನಿಮಾ ಕಲಿತು ಬಂದವರಲ್ಲ, ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಬರೆಯುವವರು. ಅಂಥವರು ಜನ ಮೆಚ್ಚಿದ ಆ್ಯಕ್ಷನ್, ಕಾಮಿಡಿ, ಸೈ-ಫೈ ಸಿನಿಮಾಗಳನ್ನು ಗೇಲಿ ಮಾಡುವುದು ಸರಿಯೇ ಎಂಬುದು ನಿಮ್ಮ ಪ್ರಶ್ನೆ. ‘ಆರ್ಮಗೆಡನ್’ ಬಗ್ಗೆ ಅವರು ಬರೆದದ್ದು ನಿಮಗೆ ಜಾಸ್ತಿ ನೋವು ತಂದಿದೆ. ‘ನಾನು ಅತ್ತ ಕಡೆ ಇವರು ನಗುತ್ತಾರೆ’ ಎಂದಿದ್ದೀರಿ. ಆ ಮಾತು ಮನಸ್ಸಿಗೆ ತಟ್ಟಿತು. ಹಾಗಾಗಿ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು.

ಮೊದಲು ಆ ಸಿನಿಮಾಕ್ಕೇ ಬರೋಣ. 1998ರ ಈ ಚಿತ್ರದಲ್ಲಿ ಭೂಮಿಯತ್ತ ಬರುವ ಕ್ಷುದ್ರಗ್ರಹ ಅಮೆರಿಕದ ಟೆಕ್ಸಸ್ ರಾಜ್ಯದಷ್ಟು ದೊಡ್ಡದು. ಅದು ಬಂದು ಬಡಿಯಲು ಉಳಿದಿರುವುದು 18 ದಿನ. ‘ಇಷ್ಟು ದೊಡ್ಡ ಕಲ್ಲು ಇಲ್ಲಿಯವರೆಗೆ ಯಾರ ಬೆನ್ನ ಹಿಂದೆ ಅಡಗಿತ್ತು?’ ಎಂದು ಅಂಕಣಕಾರರು ಕೇಳಿದ್ದರು. ಇದು ಸುಮ್ನೆ ಹಾರಿಸಿದ ಮಾತಲ್ಲ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ಸುತ್ತುವ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಸೀರೀಸ್. ಅದರ ಅಡ್ಡಳತೆ ಸುಮಾರು 940 ಕಿಲೋಮೀಟರ್. ಟೆಕ್ಸಸ್ ಉತ್ತರದಿಂದ ದಕ್ಷಿಣಕ್ಕೆ 1,200 ಕಿಲೋಮೀಟರಿಗಿಂತ ಉದ್ದ. ಸೀರೀಸನ್ನು ಖಗೋಳಜ್ಞ ಪಿಯಾಟ್ಸಿ 1801ರಲ್ಲೇ, ಆ ಕಾಲದ ದೂರದರ್ಶಕದಲ್ಲೇ ಕಂಡುಹಿಡಿದಿದ್ದರು. ಧೂಮಕೇತು ಡಿಕ್ಕಿ ಹೊಡೆದು ಕಲ್ಲು ದಾರಿ ಬದಲಿಸಿತು ಎಂದು ಸಿನಿಮಾ ಹೇಳುತ್ತದೆ. ಒಪ್ಪೋಣ. ಡಿಕ್ಕಿಗೆ ಮೊದಲೂ ಅದು ಅಲ್ಲೇ ಇತ್ತು ಅಲ್ವಾ? ನಾಸಾದ ಹೆಸರು ಹೇಳಿ, ಗಾತ್ರ ಹೇಳಿ, ದಿನ ಎಣಿಸಿ ‘ಇದು ನಿಮ್ಮದೇ ಪ್ರಪಂಚ’ ಎಂದು ತೋರಿಸುವ ಚಿತ್ರಕ್ಕೆ ಈ ಪ್ರಶ್ನೆ ಕೇಳಬಹುದು.

ಆದರೆ ಅದೇ ಬರಹದ ಕೊನೆಯನ್ನು ಇನ್ನೊಮ್ಮೆ ನೋಡಿ. ಮಗಳಿಗೆ ಅಪ್ಪ ವಿದಾಯ ಹೇಳುವ ದೃಶ್ಯದ ಬಗ್ಗೆ ‘ಕಲ್ಲನ್ನು ನಂಬಲಿಲ್ಲ, ಅಪ್ಪನನ್ನು ನಂಬಿದೆ’ ಎಂದು ಅವರು ಬರೆದಿದ್ದಾರೆ. ನೀವು ಅತ್ತ ಜಾಗದಲ್ಲಿ ಅವರು ನಕ್ಕಿಲ್ಲ.

ಹಾಗಂತ ಎಲ್ಲ ಸೈ-ಫೈ ಚಿತ್ರಗಳಿಗೂ ಇದೇ ಅಳತೆ ಹಿಡಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಶಬ್ದ ಕೇಳಿಸದು. 1968ರಲ್ಲಿ ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್ ಆ ಮೌನವನ್ನೇ ಹಿಡಿದು ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ ಮಾಡಿದರು. 1977ರ ‘ಸ್ಟಾರ್ ವಾರ್ಸ್’ ಬೇರೆ ದಾರಿ ಹಿಡಿಯಿತು. ಅದರ ಕಾಳಗಗಳಿಗೆ ಮಾದರಿ ಎರಡನೇ ಮಹಾಯುದ್ಧದ ವಿಮಾನ ಕಾದಾಟಗಳು. ಶತ್ರುಗಳ ಪುಟ್ಟ ನೌಕೆಗಳ ಕಿರುಚಾಟ ಇದೆಯಲ್ಲ, ಅದನ್ನು ಚಿತ್ರದ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಆನೆಯ ಘೀಳು ಮತ್ತು ಒದ್ದೆ ರಸ್ತೆಯಲ್ಲಿ ಕಾರು ಹೋಗುವ ಸದ್ದು ಸೇರಿಸಿ ಮಾಡಿದರು. ಎಂಥ ಕಿವಿ ಅವರದು! ಅಲ್ಲಿ ‘ಶಬ್ದ ಹೇಗೆ ಬಂತು’ ಎಂದು ಯಾರಾದರೂ ಗೇಲಿ ಮಾಡಿ ಬರೆದರೆ ಆ ಸಾಲನ್ನು ನಾನು ತೆಗೆಯುತ್ತೇನೆ. ಪ್ರಕೃತಿಯ ನಿಯಮ ಮುರಿದ ಸಿನಿಮಾಕ್ಕೆ ರಿಯಾಯಿತಿ ಕೊಡಬಹುದು. ತಾನೇ ಹಾಕಿಕೊಂಡ ನಿಯಮ ಮುರಿದರೆ ಕೊಡಬೇಕಾಗಿಲ್ಲ.

ಇನ್ನು ಆ್ಯಕ್ಷನ್. ‘ಜೀವ ಪಣಕ್ಕಿಟ್ಟು ಮಾಡಿದ್ದನ್ನು ನೋಡಿ ನಗಬಹುದೇ’ ಎಂದು ಕೇಳಿದ್ದೀರಿ. ನಗಬಹುದು, ಯಾಕೆಂದರೆ ಆ್ಯಕ್ಷನ್ ಬೆಳೆದದ್ದೇ ನಗುವಿನ ಮನೆಯಲ್ಲಿ. 1923ರಲ್ಲಿ ಮೂಕಿ ಚಿತ್ರಗಳ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತೆರೆಯ ಮೇಲೆ ಗಡಿಯಾರದ ಮುಳ್ಳು ಹಿಡಿದು ನೇತಾಡಿದಾಗ ಜನ ಹೆದರುತ್ತಲೇ ನಕ್ಕರು. 1928ರ ಒಂದು ಚಿತ್ರದಲ್ಲಿ ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆ ಪೂರ್ತಿ ಕುಸಿಯಿತು. ಗೋಡೆ ನಿಜವಾದದ್ದು. ತೆರೆದ ಕಿಟಕಿಯ ಜಾಗ ಸರಿಯಾಗಿ ಅವರು ನಿಂತಲ್ಲಿಗೇ ಬಂದದ್ದರಿಂದ ಬದುಕಿದರು. ಮುಖ ಮಾತ್ರ ಅಲ್ಲಾಡಲಿಲ್ಲ. 1983ರಲ್ಲಿ ಜಾಕಿ ಚಾನ್ ಲಾಯ್ಡ್‌ಗೆ ಗೌರವ ಸಲ್ಲಿಸಿದ್ದು ಹೇಗೆ ಗೊತ್ತೇ? ಗಡಿಯಾರದ ಗೋಪುರದಿಂದ ತಾನೇ ಜೋತುಬಿದ್ದು, ಬಟ್ಟೆಯ ಚಾವಣಿಗಳನ್ನು ಹರಿದುಕೊಂಡು ನೆಲಕ್ಕೆ ಬಿದ್ದು. ಈ ಮೂವರೂ ನಮ್ಮನ್ನು ನಗಿಸಲೆಂದೇ ಅಷ್ಟು ಕಷ್ಟಪಟ್ಟವರು. ಅವರ ವಂಶದ ಸಿನಿಮಾಗಳ ಬಗ್ಗೆ ಮುಖ ಬಿಗಿದುಕೊಂಡೇ ಬರೆಯಬೇಕು ಎಂದರೆ ಅವರಿಗೇ ಬೇಸರವಾದೀತು.

ಅಂಕಣಕಾರರ ಒಂದು ಸಾಲು ನನಗೆ ತುಂಬಾ ಇಷ್ಟ: ‘ಗುಂಡು ತಗುಲಿದವನು ಹತ್ತು ಅಡಿ ಹಿಂದಕ್ಕೆ ಹಾರಬೇಕಾದರೆ, ಹೊಡೆದವನೂ ಹಿಂದಕ್ಕೆ ಹಾರಬೇಕು.’ ನ್ಯೂಟನ್ನನ ಮೂರನೇ ನಿಯಮ ಇದಕ್ಕಿಂತ ಸುಲಭವಾಗಿ ತಲೆಗೆ ಹೋದೀತೇ? ಇನ್ನೊಂದು: ‘ಬಾಂಬಿನ ಮೇಲಿನ ಗಡಿಯಾರ ಇಟ್ಟವನಿಗೆ ಬೇಕಾಗಿಲ್ಲ, ಅದು ಬಿಡಿಸುವವನ ಅನುಕೂಲಕ್ಕೆ.’ ಇಂಥ ಸಾಲು ಬರೆಯಲು ಈ ಸಿನಿಮಾಗಳನ್ನು ಪ್ರೀತಿಯಿಂದ, ಮತ್ತೆ ಮತ್ತೆ ನೋಡಿರಬೇಕು. ನಾನು ಅವರಿಗೆ ಪುಟ ಕೊಟ್ಟದ್ದು ಇದಕ್ಕೇ. ಪದವಿ ಇದೆಯೋ ಇಲ್ಲವೋ ಎಂದು ಕೇಳಲಿಲ್ಲ, ಕೇಳುವುದೂ ಇಲ್ಲ.

ಕಾಮಿಡಿ ಚಿತ್ರಗಳ ವಿಷಯದಲ್ಲಿ ಮಾತ್ರ ನಿಮ್ಮ ಆಕ್ಷೇಪ ನ್ಯಾಯವಾದದ್ದು. ತೆರೆಯ ಮೇಲಿನ ಜೋಕನ್ನು ಕಾಗದದ ಮೇಲೆ ಮತ್ತೆ ಹೇಳಿದರೆ ಅದು ಸತ್ತುಹೋಗುತ್ತದೆ. ಅಲ್ಲಿ ನಗು ಹೇಗೆ ಹುಟ್ಟಿತು ಎಂದು ಬಿಡಿಸಿ ತೋರಿಸುವುದೇ ವಿಮರ್ಶಕರ ಕೆಲಸ. 1980ರ ‘ಏರ್‌ಪ್ಲೇನ್!’ ತೆಗೆದುಕೊಳ್ಳಿ. 1957ರ ಒಂದು ಗಂಭೀರ ವಿಮಾನ ಚಿತ್ರದ ಹಕ್ಕು ಕೊಂಡು, ಅದರ ಕಥೆಯನ್ನೇ ಇಟ್ಟುಕೊಂಡು, ಎಷ್ಟೋ ಮಾತುಗಳನ್ನೂ ಹಾಗೇ ಉಳಿಸಿಕೊಂಡು ಮಾಡಿದ ಕಾಮಿಡಿ ಅದು. ಡಾಕ್ಟರ್ ಪಾತ್ರಕ್ಕೆ ಬಂದ ಲೆಸ್ಲಿ ನೀಲ್ಸನ್ ಅಲ್ಲಿಯವರೆಗೆ ಗಂಭೀರ ನಟ. 1956ರ ಒಂದು ಸೈ-ಫೈ ಚಿತ್ರದ ನಾಯಕ. ಅವರು ಇಲ್ಲಿಯೂ ಅದೇ ಗಂಭೀರ ದನಿಯಲ್ಲಿ ಮಾತಾಡಿದರು, ನಗು ಉಕ್ಕಿದ್ದು ಅದರಿಂದಲೇ. ಇಂಥದ್ದನ್ನು ಜಾಸ್ತಿ ಬರೆಯಿರಿ ಎಂದು ಅಂಕಣಕಾರರಿಗೆ ಹೇಳಿದ್ದೇನೆ.

ನಟರ ಮೈಬಣ್ಣ, ತೂಕ, ವಯಸ್ಸಿನ ಮೇಲಿನ ಗೇಲಿ ನಮ್ಮ ಪುಟದಲ್ಲಿ ಬರುವುದಿಲ್ಲ. ಸಿನಿಮಾ ಇಷ್ಟಪಟ್ಟವರನ್ನು ದಡ್ಡರು ಎನ್ನುವ ಸಾಲೂ ಬರುವುದಿಲ್ಲ. ಎಲ್ಲಾದರೂ ಕಂಡರೆ ಸಂಚಿಕೆ, ಪುಟ ಹೇಳಿ ನನಗೇ ಬರೆಯಿರಿ.

ನಿಮ್ಮಲ್ಲಿ ಒಂದು ಕೋರಿಕೆ. ‘ಆರ್ಮಗೆಡನ್’ ನಿಮ್ಮನ್ನು ಯಾಕೆ ಅಳಿಸಿತು ಎಂದು ಮುನ್ನೂರು ಪದಗಳಲ್ಲಿ ಬರೆದು ಕಳಿಸಿ. ಸಿನಿಮಾ ಕಲಿತವರ ಹಾಗೆ ಬರೆಯಬೇಕಾಗಿಲ್ಲ. ಅಂಕಣದ ಪಕ್ಕದಲ್ಲೇ ಅದಕ್ಕೆ ಜಾಗ ಇಟ್ಟಿದ್ದೇನೆ.

— ಸಂಪಾದಕ